ಜನಪದ ಗಾಯಕರ ಧಾರಣಶಕ್ತಿ

(ಶ್ರೀಮಠದ ಮಹೋತ್ಸವಾಂಗವಾಗಿ ನಡೆದ ವಿದ್ವತ್ಸಭೆಯಲ್ಲಿ ಓದಿದ ಉಪನ್ಯಾಸ)



ಮಠಗಳ ಆವರಣದಲ್ಲಿ ಎರಡು ಬಗೆಯ ಕಂಠಧ್ವನಿಗಳು ಕೇಳಿಬರುವುದುಂಟು. ಪ್ರಾತಃಕಾಲದಲ್ಲಿ ಪಾಠಶಾಲೆಯ ವಟುಗಳು ಸಾಲಾಗಿ ಕುಳಿತು ಅಮರಕೋಶವನ್ನೋ ಶಬ್ದರೂಪಾವಳಿಯನ್ನೋ ಉರುಹಾಕುವ ಧ್ವನಿಯು ಒಂದು. ಜಾತ್ರೆಯ ರಾತ್ರಿಯಲ್ಲಿ ಹೊರಾಂಗಣದ ಕಲ್ಲುಹಾಸಿನ ಮೇಲೆ ಕಂಸಾಳೆಯವರೋ ನೀಲಗಾರರೋ ಕುಳಿತು ಬೆಳಗಾಗುವವರೆಗೂ ಕಥೆಯನ್ನು ಹಾಡುವ ಧ್ವನಿಯು ಇನ್ನೊಂದು. ಎರಡೂ ಪುಸ್ತಕವನ್ನು ನೋಡದೆ ಹೊರಡತಕ್ಕವುಗಳೇ. ಆದರೆ ಒಳಗಿನ ಧ್ವನಿಗೆ ಪಾಂಡಿತ್ಯವೆಂಬ ಹೆಸರು ಬಂದಿತು. ಹೊರಗಿನದಕ್ಕೆ ಭಿಕ್ಷಾವೃತ್ತಿಯೆಂಬ ಹೆಸರು ಬಂದಿತು. ಇದು ನ್ಯಾಯವೇ ಎಂಬುದು ಈ ಹೊತ್ತಿನ ವಿಚಾರ.

ಪಾಠಶಾಲೆಯಲ್ಲಿ ಬೆಳೆದ ಪಂಡಿತನು ಹೊರಾಂಗಣದ ಗಾಯಕನನ್ನು ಅಲ್ಲಗಳೆಯುವುದಕ್ಕೆ ಒಂದು ಪ್ರಬಲವಾದ ಕಾರಣವಿದೆ. ನಿನ್ನೆ ಹಾಡಿದ ಸಾಲನ್ನು ಇಂದು ಅದೇ ಗಾಯಕನು ಹಾಡಿದರೆ ಮಾತುಗಳು ಬೇರೆಯಾಗಿರುವುವು. ನಿನ್ನೆ ಅರ್ಧ ಗಳಿಗೆಯಲ್ಲಿ ಮುಗಿದ ಪ್ರಸಂಗವು ಇಂದು ಎರಡು ಗಳಿಗೆ ಹಿಡಿಯುವುದು. ಹೀಗೇಕೆಂದು ಕೇಳಿದರೆ ಅವನು, ತಾನು ಗುರುಗಳಿಂದ ಕೇಳಿದುದನ್ನು ಒಂದು ಮಾತೂ ಬಿಡದೆ ಹಾಗೆಯೇ ಹಾಡಿದೆನೆಂದು ಪ್ರಮಾಣಪೂರ್ವಕವಾಗಿ ಹೇಳುವನು. ಇದನ್ನು ಕೇಳಿದ ಪಂಡಿತನು, ಇವನಿಗೆ ನೆನಪಿಲ್ಲ, ಇಲ್ಲವೆ ಸತ್ಯವಿಲ್ಲ, ಎಂದು ನಿಶ್ಚಯಿಸಿಬಿಡುವನು. ಘನಪಾಠದಲ್ಲಿ ಒಂದು ಸ್ವರ ತಪ್ಪಿದರೂ ಬೆಚ್ಚುವ ಕಿವಿಗೆ ಇದು ಸಹಜವೇ ಸರಿ. ಆದರೆ ಆ ನಿಶ್ಚಯವು ದುಡುಕಿನದು.

ಮೊದಲು ಶಾಸ್ತ್ರದ ಮಾತನ್ನು ನೋಡಬಹುದು. ನೈಯಾಯಿಕರ ಮತದಲ್ಲಿ ಅನುಭವವು ಆತ್ಮದಲ್ಲಿ ಸಂಸ್ಕಾರವನ್ನು ಉಳಿಸುವುದು. ಆ ಸಂಸ್ಕಾರವು ಮುಂದೆ ಎಚ್ಚತ್ತಾಗ ಸ್ಮೃತಿಯೆನಿಸುವುದು. ಸಂಸ್ಕಾರವು ತಾನಾಗಿ ಏಳಲಾರದು. ಅದನ್ನು ಎಬ್ಬಿಸುವುದಕ್ಕೆ ಉದ್ಬೋಧಕವೊಂದು ಬೇಕು. ಗೌತಮರ ನ್ಯಾಯಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಪ್ರಣಿಧಾನ, ನಿಬಂಧ, ಅಭ್ಯಾಸ, ಸಾದೃಶ್ಯ, ಆನಂತರ್ಯ ಮೊದಲಾಗಿ ಸ್ಮೃತಿಕಾರಣಗಳ ದೊಡ್ಡದೊಂದು ಪಟ್ಟಿಯೇ ಇದೆ. ಪಾಠಶಾಲೆಗಳು ಇವುಗಳಲ್ಲಿ ಅಭ್ಯಾಸವೊಂದನ್ನೇ ಮುಖ್ಯವಾಗಿ ಹಿಡಿದುವು. ವೇದಪಾಠಿಗಳಂತೂ ಅದನ್ನು ಪರಮಾವಧಿಗೆ ಕೊಂಡೊಯ್ದರು. ಕ್ರಮಪಾಠದಲ್ಲಿ ಒಂದನೆಯ ಪದದೊಡನೆ ಎರಡನೆಯದು, ಎರಡನೆಯದರೊಡನೆ ಮೂರನೆಯದು. ಜಟೆಯಲ್ಲಿ ಎರಡು ಪದಗಳು ಮುಂದಕ್ಕೂ ಹಿಂದಕ್ಕೂ ಮತ್ತೆ ಮುಂದಕ್ಕೂ. ಘನದಲ್ಲಿ ಮೂರು ಪದಗಳು ಇನ್ನೂ ಹೆಚ್ಚಾಗಿ ಹೆಣೆದುಕೊಳ್ಳುವುವು. ಒಂದು ಪದವು ಜಾರಿದರೆ ಪಕ್ಕದ ಪದವು ಅದನ್ನು ಹಿಡಿದು ತರುವುದು. ಇಲ್ಲಿ ಅರ್ಥದ ಸಹಾಯವನ್ನು ಬೇಕೆಂದೇ ಬಿಟ್ಟಿದೆ. ಅರ್ಥವನ್ನು ನೆಚ್ಚಿದವನು ಪರ್ಯಾಯಪದವನ್ನು ಹಾಕಿಬಿಡುವನೆಂಬ ಭಯವು ಹಿರಿಯರಿಗಿತ್ತು. ಅಕ್ಷರವೇ ಮಂತ್ರವಾದಲ್ಲಿ ಈ ಬಗೆಯ ಧಾರಣೆಗೆ ಎಣೆಯಿಲ್ಲ.

ಹೊರಾಂಗಣದ ಗಾಯಕನ ದಾರಿ ಬೇರೆ. ಅದನ್ನು ಮೊದಲು ಪರೀಕ್ಷೆಗೆ ಒಡ್ಡಿದುದು ನಮ್ಮ ನಾಡಿನಲ್ಲಲ್ಲ, ಯುಗೊಸ್ಲಾವಿಯದಲ್ಲಿ. ಅಮೆರಿಕದ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸರು ಗ್ರೀಕರ ಆದಿಕವಿಯಾದ ಹೋಮರನ ಕಾವ್ಯಗಳಲ್ಲಿ ಒಂದೇ ಬಗೆಯ ವಿಶೇಷಣಗಳೂ ಪದಪುಂಜಗಳೂ ಮತ್ತೆ ಮತ್ತೆ ಬರುವುದನ್ನು ಕಂಡು, ಇದು ಬಾಯಲ್ಲೇ ಕಟ್ಟುತ್ತ ಹಾಡಿದವರ ರೀತಿಯಾಗಿರಬೇಕೆಂದು ಊಹಿಸಿದರು. ಊಹೆಯನ್ನು ಸತ್ತವರ ಗ್ರಂಥದಿಂದ ಸಾಧಿಸಲಾಗದೆಂದು ತಿಳಿದು, ೧೯೩೩ರಿಂದ ೧೯೩೫ರವರೆಗಿನ ಅವಧಿಯಲ್ಲಿ ಆ ದೇಶಕ್ಕೆ ಹೋಗಿ, ಗುಸ್ಲೆ ಎಂಬ ಒಂಟಿತಂತಿಯ ವಾದ್ಯವನ್ನು ನುಡಿಸಿಕೊಂಡು ವೀರಕಥೆಗಳನ್ನು ಹಾಡುವವರನ್ನು ಹುಡುಕಿ, ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಅವರ ಹಾಡನ್ನು ಮುದ್ರಿಸಿಕೊಂಡರು. ೧೯೩೫ರ ಡಿಸೆಂಬರಿನಲ್ಲಿ ಅವರು ಅಕಾಲದಲ್ಲಿ ತೀರಿಕೊಂಡರು. ಅವರ ಶಿಷ್ಯರಾದ ಆಲ್ಬರ್ಟ್ ಲಾರ್ಡರು ಆ ಕಾರ್ಯವನ್ನು ಮುಂದುವರಿಸಿ ೧೯೬೦ರಲ್ಲಿ ಗ್ರಂಥವಾಗಿ ಪ್ರಕಟಿಸಿದರು.

ಅವರಿಗೆ ದೊರೆತ ಗಾಯಕರಲ್ಲಿ ಅಗ್ರಗಣ್ಯನು ಬಿಯೆಲೊ ಪೋಲ್ಯೆ ಎಂಬ ಊರಿನ ಸೀಮೆಯ ಅವ್ದೊ ಮೆಜೆದೋವಿಚ್ ಎಂಬವನು. ಅವನು ಓದುಬರಹವನ್ನರಿಯನು, ವೃತ್ತಿಯಿಂದ ಕಟುಕನು, ಹಾಡನ್ನು ತಂದೆಯಿಂದ ಕಲಿತವನು. ೧೯೩೫ರಲ್ಲಿ ಅವನು ಹೇಳಿ ಬರೆಯಿಸಿದ ಒಂದೇ ಒಂದು ಕಥೆಯು ೧೨,೩೧೧ ಸಾಲುಗಳಾಯಿತು. ಇವನ ಮೇಲೆ ಪ್ಯಾರಿಯವರು ಒಂದು ಪರೀಕ್ಷೆಯನ್ನು ನಡೆಯಿಸಿದರು. ಇವನು ಎಂದೂ ಕೇಳದ ಒಂದು ಕಥೆಯನ್ನು ಇನ್ನೊಬ್ಬ ಗಾಯಕನಿಂದ ಇವನ ಎದುರಿಗೆ ಹಾಡಿಸಿದರು. ಅದು ೨,೨೯೪ ಸಾಲುಗಳಷ್ಟಿತ್ತು. ಅದು ಮುಗಿದ ಬಳಿಕ ಅವ್ದೊವನ್ನು ಕರೆದು, ಈಗ ನೀನು ಅದನ್ನೇ ಹಾಡಬಲ್ಲೆಯಾ ಎಂದು ಕೇಳಿದರು. ಅವನು ಮೊದಲಿನವನನ್ನು ಗೌರವದಿಂದ ಹೊಗಳಿ, ಬಳಿಕ ಹಾಡಿದನು. ಅದು ೬,೩೧೩ ಸಾಲುಗಳಾಯಿತು. ಕಥೆ ಅದೇ, ಪಾತ್ರಗಳು ಅವೇ, ಸಂದರ್ಭಗಳ ಅನುಕ್ರಮವೂ ಅದೇ. ಆದರೆ ಮೊದಲಿನವನು ಕುದುರೆಯನ್ನು ಸಿಂಗರಿಸಿದನೆಂದು ಹೇಳಿ ಮುಂದೆ ನಡೆಯುವಂಥ ಎಡೆಗಳಲ್ಲಿ ಇವನು ನಿಂತು, ಸಿಂಗಾರವನ್ನು ಕಣ್ಣಿಗೆ ಕಟ್ಟುವಂತೆ ವಿಸ್ತರಿಸುವನು. ಮೊದಲಿನವನು ಸುಮ್ಮನೆ ಬಿಟ್ಟ ಮನುಷ್ಯರ ಅಂತರಂಗವನ್ನು ಇವನು ತೆರೆಯುವನು.

ಇದನ್ನು ಬಾಯಿಪಾಠವೆನ್ನಲು ಸಾಧ್ಯವಿಲ್ಲ. ಒಮ್ಮೆ ಕೇಳಿದ ಎರಡು ಸಾವಿರ ಸಾಲುಗಳನ್ನು ಯಾರೂ ಬಾಯಿಪಾಠ ಮಾಡಲಾರರು. ಮಾಡಿದರೂ ಅದು ಆರು ಸಾವಿರವಾಗದು. ಹಾಗಾದರೆ ಸುಳ್ಳೆನ್ನಬಹುದೇ? ಅದೂ ಅಲ್ಲ. ಆ ದೇಶದ ಗಾಯಕರೂ ನಮ್ಮವರಂತೆಯೇ, ಒಂದು ಮಾತೂ ವ್ಯತ್ಯಾಸವಿಲ್ಲದೆ ಹಾಡುವೆವೆಂದು ಹೇಳುತ್ತಿದ್ದರು. ತಟ್ಟೆಗಳ ಮೇಲಿನ ಮುದ್ರಣಗಳು ಬೇರೆಯದನ್ನೇ ತೋರಿಸುತ್ತಿದ್ದುವು. ಈ ತೊಡಕನ್ನು ಬಿಡಿಸಲು ಅವರನ್ನು, ಮಾತು ಎಂದರೇನು, ಎಂದು ಕೇಳಲಾಯಿತು. ಅವರು ಒಮ್ಮೆ ಒಂದು ಪೂರ್ಣ ಸಾಲನ್ನೂ, ಒಮ್ಮೆ ಅದಕ್ಕಿಂತ ದೀರ್ಘವಾದುದನ್ನೂ ಒಂದು ಮಾತೆಂದು ತೋರಿಸಿದರು. ಕನ್ನಡಿಗರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಕನ್ನಡದಲ್ಲಿ ಒಂದು ಪದವೂ ಮಾತೇ, ಒಂದು ವಾಕ್ಯವೂ ಮಾತೇ, ಇಡಿಯ ಸಂಭಾಷಣೆಯೂ ಮಾತೇ, ಕೊಟ್ಟ ಭಾಷೆಯೂ ಮಾತೇ. ಮಾತಿಗೆ ತಪ್ಪದೆ ಹಾಡಿದೆನೆಂದು ಗಾಯಕನು ಹೇಳಿದಾಗ ಅವನು ಅಕ್ಷರಗಳ ಲೆಕ್ಕವನ್ನು ಒಪ್ಪಿಸುತ್ತಿಲ್ಲ. ಪಂಡಿತನು ಅಕ್ಷರವನ್ನು ಕೇಳಿದನು, ಗಾಯಕನು ಕಥೆಯ ಸತ್ಯಕ್ಕೆ ಸಾಕ್ಷಿ ನುಡಿದನು. ಇಬ್ಬರ ನಡುವೆ ಒಂದೇ ಶಬ್ದವು ಎರಡರ್ಥದಲ್ಲಿ ಓಡಾಡಿತು.

ಅವನ ಬುದ್ಧಿಯಲ್ಲಿ ನೆಲೆಸಿರುವುದು ಏನು ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರವು ನಮ್ಮ ನಾಡಿನ ಕರಾವಳಿಯಲ್ಲಿಯೇ ದೊರೆಯಿತೆಂಬುದು ಸಂತೋಷದ ಸಂಗತಿ. ಫಿನ್ಲೆಂಡಿನ ಲೌರಿ ಹೊಂಕೊ ಎಂಬ ವಿದ್ವಾಂಸರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ ಕೂಡಿ, ಉಜಿರೆಯ ಸಮೀಪದ ಗೋಪಾಲ ನಾಯ್ಕರಿಂದ ತುಳುವಿನ ಸಿರಿಯ ಕಾವ್ಯವನ್ನು ೧೯೯೦ರ ಡಿಸೆಂಬರಿನಲ್ಲಿ ಹಾಡಿಸಿ ಮುದ್ರಿಸಿಕೊಂಡರು. ೧೯೯೮ರಲ್ಲಿ ಅದು ಅಚ್ಚಾದಾಗ ೧೫,೬೮೩ ಸಾಲುಗಳಿದ್ದುವು. ಇದೇ ಗಾಯಕರು ಕೋಟಿ ಚೆನ್ನಯರ ಕಥೆಯನ್ನು ಆಕಾಶವಾಣಿಗಾಗಿ ಸುಮಾರು ೨೦ ನಿಮಿಷಗಳಲ್ಲಿ ಹಾಡಿದ್ದರು. ಹೊಂಕೊ ಅವರು ಪೂರ್ಣವಾಗಿ ಹಾಡಬೇಕೆಂದು ಕೇಳಿದಾಗ ಅದು ೧೫ ಗಂಟೆಗಳನ್ನು ಹಿಡಿದು ಸುಮಾರು ೭,೦೦೦ ಸಾಲುಗಳಾಯಿತು. ಅಕ್ಷರರಾಶಿಯೊಂದು ಮನಸ್ಸಿನಲ್ಲಿ ಮಡಿಸಿಟ್ಟಿದ್ದರೆ ಅದು ಹೀಗೆ ಹಿಗ್ಗಿ ಕುಗ್ಗುವುದು ಹೇಗೆ? ಹೊಂಕೊ ಅವರ ನಿರ್ಣಯವೇನೆಂದರೆ: ಗಾಯಕನಲ್ಲಿರುವುದು ಒಂದು ಮನಃಪಾಠ. ಅದರಲ್ಲಿ ಕಥೆಯ ಎಳೆಗಳುಂಟು. ಸಂದರ್ಭಗಳ ಚಿತ್ರಗಳೂ ಸಿದ್ಧವಾದ ವರ್ಣನೆಗಳೂ ಉಂಟು. ಅವುಗಳನ್ನು ಹೇಗೆ ಹೊಂದಿಸಿ ಹೊರತರಬೇಕೆಂಬ ನಿಯಮವುಂಟು. ಹಿಂದೆ ಎಲ್ಲೆಲ್ಲಿ ಹೇಗೆ ಹಾಡಿದುದಾಯಿತೆಂಬ ನೆನಪೂ ಅದರೊಡನೆಯೇ ಉಂಟು. ಎದುರಿಗಿರುವವರ ಮುಖವನ್ನೂ ಉಳಿದಿರುವ ರಾತ್ರಿಯನ್ನೂ ನೋಡಿ ಅವನು ಇದರಿಂದ ಹಾಡನ್ನು ತೆಗೆಯುವನು.

ಮಲೆಯ ಮಾದೇಶ್ವರನ ಕಥೆಯನ್ನು ಹಾಡುವವರ ಕ್ರಮವನ್ನು ಇದರೊಡನೆ ಹೋಲಿಸಿ ನೋಡಿದರೆ ವಿಷಯವು ಇನ್ನೂ ವಿಶದವಾಗುವುದು. ಆ ಕಥೆಯು ಸಾಲುಗಳೆಂಬ ಭಾಗಗಳಾಗಿ ನಿಂತಿದೆ: ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇತ್ಯಾದಿ. ಒಂದೊಂದು ಸಾಲೂ ಒಂದು ಊರಿಗೋ ಒಂದು ಮನೆಗೋ ಕಟ್ಟುಬಿದ್ದಿರುವುದು. ಸುತ್ತೂರು ಮಠದಲ್ಲಿ ಮಾದೇಶ್ವರನು ರಾಗಿ ಬೀಸಿದನು, ಕುಂತೂರು ಮಠಕ್ಕೆ ಬಂದನು, ಅನಂತರ ಮಲೆಗಳ ಕಡೆಗೆ ನಡೆದನು. ಗಾಯಕನು ಆ ದಾರಿಯನ್ನು ಹಿಡಿದು ಹೋಗುವನೇ ಹೊರತು ಪುಟಗಳನ್ನು ತಿರುವುತ್ತ ಹೋಗುವುದಿಲ್ಲ. ಗ್ರೀಕರಲ್ಲಿ ಸಿಮೊನಿಡೀಸ್ ಎಂಬ ಕವಿಯ ಕಥೆಯೊಂದುಂಟು. ಔತಣದ ಮನೆಯು ಕುಸಿದು ಬಿದ್ದು ಅತಿಥಿಗಳ ಗುರುತು ಸಿಕ್ಕದಂತಾದಾಗ, ಯಾರು ಎಲ್ಲಿ ಕುಳಿತಿದ್ದರೆಂಬ ನೆನಪಿನಿಂದಲೇ ಅವನು ಒಬ್ಬೊಬ್ಬರನ್ನೂ ಗುರುತಿಸಿದನಂತೆ. ಸ್ಥಳವನ್ನು ಹಿಡಿದರೆ ಸಂಗತಿಯು ಸಿಕ್ಕುವುದೆಂಬ ಆ ಉಪಾಯವನ್ನು ರೋಮಿನ ವಾಗ್ಮಿಗಳು ಶಾಸ್ತ್ರವನ್ನಾಗಿ ಮಾಡಿದರು. ಕಂಸಾಳೆಯವರಿಗೆ ಶಾಸ್ತ್ರದ ಗೊಡವೆಯಿಲ್ಲ. ಪರಸೆಗೆ ನಡೆದು ಹೋದ ಕಾಲುಗಳೇ ಅವರಿಗೆ ಪಾಠ.

ಇನ್ನು ಹಿಮ್ಮೇಳದವರು ಹಿಡಿಯುವ ಸೊಲ್ಲಿನ ವಿಷಯ. ಕೇಳುವವರು ಅದನ್ನು ಕೇವಲ ಇಂಪಿಗಾಗಿ ಎಂದು ತಿಳಿಯುವರು. ಮುಂದಿನವನು ಒಂದು ನುಡಿಯನ್ನು ಹೇಳಿ ಬಿಟ್ಟಾಗ ಹಿಂದಿನವರು ಸೊಲ್ಲನ್ನು ಎತ್ತಿಕೊಳ್ಳುವರು. ಆ ಅಲ್ಪಕಾಲದಲ್ಲಿ ಮುಂದಿನವನಿಗೆ ಉಸಿರೂ ದೊರೆಯುವುದು, ಮುಂದಿನ ನುಡಿಯೂ ದೊರೆಯುವುದು. ಕಂಸಾಳೆಯ ಪೆಟ್ಟು ತಪ್ಪದೆ ಬೀಳುತ್ತಿರುವುದರಿಂದ ನುಡಿಗೆ ಎಷ್ಟು ಉದ್ದವೆಂಬುದು ಮೊದಲೇ ಗೊತ್ತಾಗಿರುವುದು. ಬೀಸುವ ಕಲ್ಲಿನ ಪದಗಳಲ್ಲಿಯೂ ಹೀಗೆಯೇ; ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಹೇಳುವ ಪದ್ಧತಿಯಿದೆಯಷ್ಟೆ; ಕೈಯೊಂದಿಗೆ ಕಲ್ಲು, ಕಲ್ಲಿನೊಂದಿಗೆ ನುಡಿ ತಿರುಗುವುದು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಗರತಿಯ ಹಾಡನ್ನು ಪ್ರಕಟಿಸಿ ಅಂಥ ಪದಗಳನ್ನು ನಾಡಿಗೆ ಕಾಣಿಸಿದರು. ಕಾಗದದ ಮೇಲೆ ಅವು ಮೂರು ಸಾಲುಗಳಾಗಿ ನಿಂತಿವೆ. ಅಜ್ಜಿಯ ಬಾಯಲ್ಲಿ ಅವು ಕಲ್ಲಿನ ಸುತ್ತುಗಳಾಗಿದ್ದುವು. ಕಲ್ಲನ್ನು ಬಿಡಿಸಿ, ಸುಮ್ಮನೆ ಕುಳಿತು ಹೇಳೆಂದರೆ ಆಕೆ ತಡವರಿಸುವುದು ಮರೆವಿನಿಂದಲ್ಲ, ಉದ್ಬೋಧಕವನ್ನು ಕಿತ್ತುಕೊಂಡುದರಿಂದ.

ಪ್ರಾಸದ ಉಪಕಾರವನ್ನೂ ಇಲ್ಲಿ ಹೇಳತಕ್ಕದ್ದು. ಯಾರನ್ನಾದರೂ, ಒಂದು ಧಾನ್ಯದ ಹೆಸರನ್ನು ಹೇಳಿ, ಎಂದರೆ ಜೋಳ, ಸಜ್ಜೆ, ನವಣೆ, ರಾಗಿ, ಯಾವುದೂ ಬರಬಹುದು. ಎರಡನೆಯ ಅಕ್ಷರ ‘ಗಿ’ ಇರುವ ಎರಡಕ್ಷರದ ಮಾತನ್ನು ಹೇಳಿ, ಎಂದರೆ ಬಾಗಿ, ತೂಗಿ, ಸಾಗಿ, ರಾಗಿ, ಯಾವುದೂ ಬರಬಹುದು. ಎರಡು ನಿಬಂಧನೆಗಳನ್ನೂ ಒಟ್ಟಿಗೆ ಹಾಕಿದರೆ ರಾಗಿಯೊಂದೇ ಉಳಿಯುವುದು. ಅಮೆರಿಕದ ಡೇವಿಡ್ ರೂಬಿನ್ ಎಂಬ ಮನಶ್ಶಾಸ್ತ್ರಜ್ಞರು ೧೯೯೫ರ ಗ್ರಂಥದಲ್ಲಿ ಈ ತತ್ತ್ವವನ್ನೇ ಪ್ರತಿಪಾದಿಸಿರುವರು. ಅರ್ಥ, ಚಿತ್ರ, ನಾದ ಇವು ಒಂದೊಂದಾಗಿ ದುರ್ಬಲವಾದರೂ, ಮೂರೂ ಕೂಡಿದಾಗ ಬರಬೇಕಾದ ನುಡಿಯನ್ನು ಬಹುಮಟ್ಟಿಗೆ ನಿರ್ಧರಿಸಿಬಿಡುವುವು. ಮಕ್ಕಳ ಆಟದ ಎಣಿಕೆಯ ಪದಗಳು ಅರ್ಥವೇ ಇಲ್ಲದಿದ್ದರೂ ತಲೆಮಾರುಗಳವರೆಗೆ ಕೆಡದೆ ಉಳಿಯುವುದು ಇಂಥ ಬಿಗಿಯಿಂದಲೇ. ಆದಿಪ್ರಾಸವನ್ನು ಕವಿಗಳ ಅಲಂಕಾರವೆಂದು ಓದಿದವರು ಅದು ನೆನಪಿಗೆ ಹಾಕಿದ ಗೂಟವೂ ಹೌದೆಂಬುದನ್ನು ಗಮನಿಸಬೇಕು.

ಒಂದು ಆಕ್ಷೇಪವು ಉಳಿಯುವುದು. ಅಕ್ಷರದ ಕಟ್ಟಿಲ್ಲದಿದ್ದರೆ ಕಥೆಯು ಕ್ರಮೇಣ ಕೆಟ್ಟು ಹೋಗದೇ? ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಬಾರ್ಟ್ಲೆಟ್ ಎಂಬವರು ಮಾಡಿದ ಪರೀಕ್ಷೆಯು ಈ ಆಕ್ಷೇಪಕ್ಕೆ ಪುಷ್ಟಿಯನ್ನು ಕೊಡುವಂತೆ ತೋರುವುದು. ಅಮೆರಿಕದ ಆದಿವಾಸಿಗಳ ಒಂದು ಭೂತಕಥೆಯನ್ನು ಅವರು ತಮ್ಮಲ್ಲಿಯವರಿಗೆ ಓದಲು ಕೊಟ್ಟು, ಕಾಲಾಂತರದಲ್ಲಿ ಅದನ್ನು ಬರೆಯುವಂತೆ ಹೇಳಿದರು. ೧೯೩೨ರ ತಮ್ಮ ಗ್ರಂಥದಲ್ಲಿ ಫಲವನ್ನು ಪ್ರಕಟಿಸಿದರು. ಆ ಜನರ ತೋಡುದೋಣಿಯು ಸಾಧಾರಣ ದೋಣಿಯಾಯಿತು. ಸೀಲ್ ಎಂಬ ಕಡಲಪ್ರಾಣಿಯ ಬೇಟೆಯು ಮೀನು ಹಿಡಿಯುವುದಾಯಿತು. ಹಲವರ ಬರಹದಲ್ಲಿ ಭೂತಗಳೇ ಮಾಯವಾದುವು. ಓದಿದವರು ತಮಗೆ ಪರಿಚಿತವಾದ ಲೋಕದ ಅಚ್ಚಿಗೆ ಕಥೆಯನ್ನು ಒತ್ತಿದರು. ನೆನೆಯುವುದೆಂದರೆ ಇಟ್ಟುದನ್ನು ತೆಗೆಯುವುದಲ್ಲ, ಮತ್ತೆ ಕಟ್ಟುವುದು ಎಂಬುದು ಬಾರ್ಟ್ಲೆಟ್ಟರ ಸಿದ್ಧಾಂತ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ ವಿದ್ಯಾರ್ಥಿಗಳ ಮನಸ್ಸಿನ ಅಚ್ಚು ಒಂದು, ಕಥೆ ಹುಟ್ಟಿದ ಅಚ್ಚು ಇನ್ನೊಂದು. ಆದುದರಿಂದ ಕಥೆಯು ಕೆಟ್ಟಿತು. ನೀಲಗಾರರ ಮನೆಯ ಹುಡುಗನಿಗೆ ಮಂಟೇಸ್ವಾಮಿಯ ಕಥೆಯು ಹುಟ್ಟಿದ ಅಚ್ಚೇ ಮನಸ್ಸಿನ ಅಚ್ಚು. ಒಂದು ಎಳೆಯು ಮರೆತರೆ ಅವನು ಅದನ್ನು ತುಂಬುವುದು ಆ ಸಂಪ್ರದಾಯದ ಎಳೆಯಿಂದಲೇ. ಪರದೇಶದ ಕಥೆಯನ್ನು ಕೆಡಿಸಿದ ಶಕ್ತಿಯೇ ತನ್ನ ನಾಡಿನ ಕಥೆಯನ್ನು ಕಾಪಾಡುವುದು. ಅವ್ದೊ ಸೇರಿಸಿದ ನಾಲ್ಕು ಸಾವಿರ ಸಾಲುಗಳು ಎಲ್ಲಿಂದಲೋ ಬಂದುವಲ್ಲ. ಅವನು ಬಾಲ್ಯದಿಂದ ಕೇಳಿದ ನೂರು ಹಾಡುಗಳಿಂದ ಬಂದುವು.

ಹೀಗಿರುವುದರಿಂದ ಗ್ರಂಥಸಂಪಾದನೆಯ ನ್ಯಾಯವನ್ನು ಎಲ್ಲೆಡೆಯೂ ಒಂದೇ ರೀತಿಯಾಗಿ ಹಚ್ಚಲಾಗದು. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಊರೂರು ತಿರುಗಿ ಕೂಡಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ವಚನವು ಶರಣರ ಬಾಯಿಂದ ಬಂದ ನುಡಿ. ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಹುಡುಕುವುದು ಅಲ್ಲಿ ಧರ್ಮವೇ ಸರಿ. ಅದೇ ನ್ಯಾಯದಿಂದ ನಾಲ್ವರು ನೀಲಗಾರರ ಹಾಡನ್ನು ಮುಂದಿಟ್ಟುಕೊಂಡು, ಇದರಲ್ಲಿ ಶುದ್ಧವಾವುದು, ಅಪಭ್ರಂಶವಾವುದು, ಎಂದು ಆರಿಸಹೊರಡುವುದು ನಾಲ್ಕು ಮರಗಳಲ್ಲಿ ಮೂರನ್ನು ಕಡಿದಂತೆ. ಮಂಟೇಸ್ವಾಮಿಯು ವಿಕಾರರೂಪದಿಂದ ಕಲ್ಯಾಣಕ್ಕೆ ಬಂದು ಶರಣರನ್ನು ಪರೀಕ್ಷಿಸುವ ಕಲ್ಯಾಣದ ಸಾಲನ್ನು ಕೇಳಿ ಕೆಲವರು ಭಕ್ತರು ಮನನೊಂದು, ಇದನ್ನು ತಿದ್ದಿ ಹಾಡಿಸಬೇಕೆನ್ನುವುದುಂಟು. ಅವರ ನೋವು ಅರ್ಥವಾಗತಕ್ಕದ್ದೇ. ಆದರೆ ಹೊರಗಿನವರ ಅಚ್ಚಿಗೆ ಒತ್ತಿದ ಕಥೆಯು ಏನಾಗುವುದೆಂಬುದನ್ನು ಕೇಂಬ್ರಿಜ್ಜಿನ ವಿದ್ಯಾರ್ಥಿಗಳು ತೋರಿಸಿಕೊಟ್ಟಿರುವರು.

ಕಲಿಯುವ ಕ್ರಮವನ್ನು ಕುರಿತು ಎರಡು ಮಾತುಗಳು. ಲಾರ್ಡರು ಯುಗೊಸ್ಲಾವಿಯದಲ್ಲಿ ಮೂರು ಘಟ್ಟಗಳನ್ನು ಗುರುತಿಸಿರುವರು. ಮೊದಲು ಹುಡುಗನು ವರ್ಷಗಟ್ಟಲೆ ಸುಮ್ಮನೆ ಕೇಳುವನು. ಬಳಿಕ ಒಬ್ಬನೇ ಇದ್ದಾಗ ಬಾಯಿ ಬಿಡುವನು. ನುಡಿಯು ತಾಳಕ್ಕೆ ಹೊಂದುವವರೆಗೆ ಹೆಣಗುವನು. ಒಂದು ಹಾಡನ್ನು ಆದ್ಯಂತವಾಗಿ ಜನರೆದುರಿಗೆ ಹಾಡಿದ ದಿವಸ ಎರಡನೆಯ ಘಟ್ಟವು ಮುಗಿಯುವುದು. ಅಲ್ಲಿಂದ ಮುಂದೆ ಹಾಡುಗಳನ್ನು ಹೆಚ್ಚಿಸಿಕೊಳ್ಳುವುದೂ, ಹಾಡನ್ನು ಹಿಗ್ಗಿಸಲು ಕುಗ್ಗಿಸಲು ಕಲಿಯುವುದೂ. ರಂಜಾನಿನ ತಿಂಗಳಲ್ಲಿ ಅಲ್ಲಿಯ ಕಾಫಿಯಂಗಡಿಗಳಲ್ಲಿ ರಾತ್ರಿಯೆಲ್ಲ ಹಾಡು ನಡೆಯುತ್ತಿತ್ತು. ಮೂವತ್ತು ರಾತ್ರಿಗಳಿಗೆ ಮೂವತ್ತು ಹಾಡುಗಳಿದ್ದವನು ಪೂರ್ಣ ಗಾಯಕನೆನಿಸುತ್ತಿದ್ದನು. ಹೊಸ ಹಾಡನ್ನು ಕೇಳಿದ ಕೂಡಲೇ ಹಾಡುವುದಕ್ಕಿಂತ ಒಂದು ದಿವಸ ಬಿಟ್ಟು ಹಾಡುವುದು ಲೇಸೆಂದು ಆ ಗಾಯಕರ ಅನುಭವ. ಪಾಠಶಾಲೆಯಲ್ಲಿಯಾದರೋ ಒಂದು ದಿವಸ ಬಿಟ್ಟರೆ ಶ್ಲೋಕವು ಜಾರುವುದೆಂದು ಗದರಿಸುವರು. ಅಲ್ಲಿ ಆ ಒಂದು ದಿವಸದಲ್ಲಿ ಕೇಳಿದ ಮಾತುಗಳು ಉದುರಿ, ಕಥೆಯ ಅಸ್ಥಿಯು ನಿಂತು, ಗಾಯಕನ ಸ್ವಂತ ನುಡಿಗಳು ಅದರ ಮೇಲೆ ಬೆಳೆಯುತ್ತಿದ್ದುವು. ಮರೆವೂ ಕಲಿಕೆಯ ಒಂದು ಅಂಗವೆಂಬುದು ಪಂಡಿತರಿಗೆ ರುಚಿಸದ ಮಾತು. ಆದರೂ ನಿಜವಾದ ಮಾತು.

ನಮ್ಮಲ್ಲಿಯೂ ಘಟ್ಟಗಳು ಹೀಗೆಯೇ ಇರುವುವು. ದೇವರಗುಡ್ಡನಾಗಿ ದೀಕ್ಷೆಗೊಂಡ ಹುಡುಗನು ಮೊದಲು ಗುರುವಿನ ಹಿಂದೆ ನಿಂತು ಸೊಲ್ಲನ್ನು ಹಿಡಿಯುವನು. ಕಥೆಯ ಭಾರವಿಲ್ಲದೆ ಕಥೆಯ ಒಳಗೇ ಇರುವ ಸ್ಥಾನವದು. ರಾತ್ರಿಗಳು ಕಳೆದಂತೆ ಮುಂದೆ ಬರುವ ನುಡಿಯು ಅವನಿಗೆ ಮೊದಲೇ ತಿಳಿಯತೊಡಗುವುದು. ಒಂದು ದಿವಸ ಗುರುವಿನ ಗಂಟಲು ಕಟ್ಟಿದಾಗಲೋ, ನಿದ್ದೆ ಎಳೆದಾಗಲೋ, ಹುಡುಗನು ನಾಲ್ಕು ನುಡಿಗಳನ್ನು ಹೇಳಿ ದಾಟಿಸುವನು. ಯಾರೂ ಪಾಠ ಹೇಳಿದುದಿಲ್ಲ; ಪಾಠವಾಗಿ ಹೋಯಿತು.

ಈಗ ಅಪಾಯವು ಎಲ್ಲಿದೆಯೆಂದರೆ ಆ ರಾತ್ರಿಗಳಲ್ಲಿ. ಮುದ್ರಿತವಾದ ಹಾಡಿನ ಪುಸ್ತಕಗಳು ಯುಗೊಸ್ಲಾವಿಯದ ಹಳ್ಳಿಗಳಿಗೆ ಬಂದಾಗ ತರುಣರು ಪುಸ್ತಕದಿಂದ ಬಾಯಿಪಾಠ ಮಾಡಿ ಹಾಡತೊಡಗಿದರೆಂದೂ, ಅವರಿಗೆ ಹಾಡು ಬಂದಿತು, ಹಾಡು ಕಟ್ಟುವುದು ಹೋಯಿತೆಂದೂ ಲಾರ್ಡರು ಬರೆದಿರುವರು. ನಮ್ಮಲ್ಲಿ ಪಿ. ಕೆ. ರಾಜಶೇಖರರು ೧೯೭೩ರಲ್ಲಿ ಮಲೆಯ ಮಾದೇಶ್ವರ ಕಾವ್ಯವನ್ನು ಅಚ್ಚು ಹಾಕಿಸಿದುದು ಮಹತ್ತಾದ ಉಪಕಾರ. ಅದಿಲ್ಲದಿದ್ದರೆ ಓದುವ ಜನರಿಗೆ ಆ ಕಾವ್ಯದ ಗಾತ್ರವೇ ತಿಳಿಯುತ್ತಿರಲಿಲ್ಲ. ಅದರ ಬಳಿಕ ಕ್ಯಾಸೆಟ್ಟುಗಳು ಬಂದುವು, ಈಗ ಮೊಬೈಲಿನಲ್ಲಿಯೂ ಹಾಡು ದೊರೆಯುವುದು. ಹುಡುಗನು ಅದನ್ನು ನೂರು ಸಲ ಕೇಳಬಹುದು; ಆದರೆ ನೂರು ಸಲವೂ ಅವನಿಗೆ ಅದೇ ನುಡಿ, ಅದೇ ಉಸಿರು. ಗುರುವಿನಿಂದ ನೂರು ಸಲ ಕೇಳಿದ್ದರೆ ನೂರು ಬಗೆಯಾಗಿ ಕೇಳಿರುತ್ತಿದ್ದನು. ಆ ನೂರರ ನಡುವೆ ಬದಲಾಗದೆ ಉಳಿದುದೇ ಕಥೆಯೆಂದು ತಾನಾಗಿ ತಿಳಿದಿರುತ್ತಿದ್ದನು. ಒಂದೇ ಬಗೆಯಾಗಿ ಕೇಳಿದವನು ಸಭೆಯಲ್ಲಿ ಒಂದು ನುಡಿಯನ್ನು ಮರೆತರೆ ಅಲ್ಲಿಯೇ ನಿಂತುಬಿಡುವನು. ಅವನಿಗೆ ಬೇರೆ ದಾರಿಯು ಗೊತ್ತಿಲ್ಲ.

ಉತ್ಸವಗಳ ವೇದಿಕೆಯೂ ಈ ದೋಷದಿಂದ ಮುಕ್ತವಲ್ಲ. ಭಾಷಣಗಳ ನಡುವೆ ಕಂಸಾಳೆಯವರನ್ನು ಕರೆದು, ಹತ್ತು ನಿಮಿಷಗಳಲ್ಲಿ ಮುಗಿಸಿರೆಂದು ಚೀಟಿ ಕಳುಹಿಸುವ ವಾಡಿಕೆಯು ಬಿದ್ದಿದೆ. ಹಿರಿಯ ಗಾಯಕನಿಗೆ ಇದರಿಂದ ನಷ್ಟವಿಲ್ಲ. ಗೋಪಾಲ ನಾಯ್ಕರು ೧೫ ಗಂಟೆಗಳನ್ನು ಒಳಗಿಟ್ಟುಕೊಂಡು ೨೦ ನಿಮಿಷಗಳಲ್ಲಿ ಹಾಡಿದಂತೆ ಅವನೂ ಹಾಡುವನು. ಅವನ ಹಿಂದೆ ಸೊಲ್ಲು ಹಿಡಿದು ನಿಂತಿರುವ ಹುಡುಗನಿಗಾದರೋ ಹತ್ತು ನಿಮಿಷಗಳ ಕಥೆಯೇ ಪೂರ್ಣ ಕಥೆಯಾಗುವುದು. ಹೊರಾಂಗಣವಿರುವ ಮಠಗಳೂ, ಜಾತ್ರೆ ನಡೆಯಿಸುವ ಭಕ್ತರೂ ಮನಸ್ಸು ಮಾಡಿದರೆ ವರ್ಷದಲ್ಲಿ ಕೆಲವು ರಾತ್ರಿಗಳನ್ನಾದರೂ ಅವನಿಗೆ ಕೊಡಬಹುದು. ವೇದಿಕೆ ಬೇಡ, ಧ್ವನಿವರ್ಧಕವೂ ಬೇಡ. ಕಲ್ಲುಹಾಸು, ಒಂದು ದೀಪ, ನಡುರಾತ್ರಿಯಲ್ಲಿ ಗಾಯಕರಿಗೆ ಒಂದಿಷ್ಟು ಬಿಸಿನೀರು, ಬೆಳಗಿನವರೆಗೂ ಎದ್ದು ಹೋಗದ ಹತ್ತು ಮಂದಿ ಕೇಳುವವರು, ಇಷ್ಟಿದ್ದರೆ ಸಾಕಾಗುವುದು. ಅವ್ದೊ ವೃದ್ಧನೂ ರೋಗಿಯೂ ಆಗಿದ್ದ ಕಾಲದಲ್ಲಿ, ೧೯೫೦ರಲ್ಲಿ, ಲಾರ್ಡರು ಮರಳಿ ಹೋಗಿ ಎದುರಿಗೆ ಕುಳಿತರು. ಹದಿನೈದು ವರ್ಷಗಳ ಹಿಂದೆ ಬರೆಯಿಸಿದ ಅದೇ ಕಥೆಯನ್ನು ಅವನು ಎಂಟು ಸಾವಿರಕ್ಕೆ ಮಿಕ್ಕಿದ ಸಾಲುಗಳಲ್ಲಿ ಮತ್ತೆ ಹಾಡಿದನು.